ಫಿಲ್ಟರ್ ಡಬ್ಬಿಯೊಳಗಿನ ಚೀಟಿ: ಗೋಣಿಕೊಪ್ಪಲಿನ ಒಂದು ವೆಬ್ ಪ್ರಚಾರ ಸೇವೆಯ ವಿಮರ್ಶೆ

ಕೊಡಗಿನಲ್ಲಿ ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿರುವ ತೋಟಗಳಿಗೆ, ಹೋಂಸ್ಟೇಗಳಿಗೆ, ಕಾಫಿ ಪುಡಿ ಮಾರುವವರಿಗೆ ಈಗ ಕೊರತೆಯಿಲ್ಲ. ಅವನ್ನು ತೆರೆದು ನೋಡುವವರದೇ ಕೊರತೆ. 'ಕೂರ್ಗ್ ಹೋಂಸ್ಟೇ' ಎಂದೋ 'ಕೂರ್ಗ್ ಕಾಫಿ' ಎಂದೋ ಹುಡುಕಿದರೆ ಮೊದಲ ಪುಟವನ್ನು ದೊಡ್ಡ ಬುಕಿಂಗ್ ತಾಣಗಳೂ ಹಣ ಕಟ್ಟಿದ ಜಾಹೀರಾತುಗಳೂ ಹಿಡಿದುಕೊಂಡಿರುತ್ತವೆ, ಸುಂಟಿಕೊಪ್ಪ ಕಡೆಯ ನಮ್ಮಂಥ ಸಣ್ಣ ತೋಟದವರ ಸರದಿ ಎಷ್ಟು ಪುಟ ಕೆಳಗಿಳಿದರೂ ಬರುವುದಿಲ್ಲ. ಆ ಸಾಲಿನಲ್ಲಿ ನಿಂತು ನೂಕುನುಗ್ಗಲು ಮಾಡುವ ಬದಲು ಗಿರಾಕಿ ಬೇರೆಲ್ಲಿ ಸಿಗುತ್ತಾನೆಂದು ಹುಡುಕಿಕೊಡುವ ಒಂದು ಸೇವೆ ಗೋಣಿಕೊಪ್ಪಲಿನಲ್ಲಿದೆ. ಒಬ್ಬ ತರುಣಿ ಮತ್ತು ಒಬ್ಬ ತರುಣ ಸೇರಿ ನಡೆಸುವ ಈ ಸೇವೆಯನ್ನು ನಮ್ಮ ಕಾಫಿ ಪುಡಿ, ಕಾಳುಮೆಣಸು ಮತ್ತು ಎರಡು ಕೋಣೆಗಳ ಹೋಂಸ್ಟೇಯ ಸಲುವಾಗಿ ಒಂದು ಪೂರ್ತಿ ಹಂಗಾಮು ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೆಸರು ಪ್ರಕಟಿಸಬೇಡಿ, ಒಪ್ಪಿಕೊಂಡ ಕೆಲಸವೇ ಕೈತುಂಬ ಇದೆ ಎಂದು ಅವರೇ ಕೇಳಿಕೊಂಡಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ದಕ್ಷಿಣ ಕೊಡಗಿನ ಬೆಳೆಗಾರರಲ್ಲಿ ವಿಚಾರಿಸಿದರೆ ಅವರು ಯಾರೆಂದು ತಿಳಿಯುವುದು ಕಷ್ಟವಲ್ಲ.

ಮಾರುಕಟ್ಟೆಯಲ್ಲಿ 'ಟ್ರಾಫಿಕ್' ಎಂದು ಸಾಮಾನ್ಯವಾಗಿ ಮಾರಾಟವಾಗುವ ಸರಕು ಏನೆಂಬುದನ್ನು ಮೊದಲು ಹೇಳಬೇಕು. ತಿಂಗಳಿಗೆ ಇಷ್ಟು ಸಾವಿರ ಭೇಟಿಗಳು ಗ್ಯಾರಂಟಿ ಎಂದು ಫೋನ್ ಮಾಡುವವರು ನಮಗೂ ಮಾಡಿದ್ದರು. ನಮ್ಮ ಪರಿಚಯದ ಹೋಂಸ್ಟೇಯವರೊಬ್ಬರು ಅಂಥದ್ದೊಂದು ಪ್ಯಾಕೇಜ್ ಕೊಂಡರು, ಅಂಕಿ ಏರಿತು, ಕೋಣೆ ಮಾತ್ರ ಖಾಲಿಯೇ ಉಳಿಯಿತು. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನ ಈಗಿನ ಆವೃತ್ತಿಯಲ್ಲಿ ಒಂದು ಭೇಟಿ ಲೆಕ್ಕಕ್ಕೆ ಬರುವಂಥದ್ದು ಎನಿಸಿಕೊಳ್ಳಬೇಕಾದರೆ ಬಂದವರು 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿರಬೇಕು, ಇಲ್ಲವೇ ಎರಡನೆಯ ಪುಟವನ್ನು ತೆರೆದಿರಬೇಕು, ಇಲ್ಲವೇ ನಾವು ಮುಖ್ಯವೆಂದು ಗುರುತಿಸಿಟ್ಟ ಏನಾದರೊಂದನ್ನು ಮಾಡಿರಬೇಕು. ಕೊಂಡು ತಂದ ಭೇಟಿಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ, ಏಕೆಂದರೆ ಅವು ಮನುಷ್ಯರ ಭೇಟಿಗಳೇ ಅಲ್ಲ. ಗೋಣಿಕೊಪ್ಪಲಿನವರು ಒಪ್ಪಂದದ ಮೊದಲ ಸಾಲಿನಲ್ಲೇ ಭೇಟಿಗಳ ಸಂಖ್ಯೆಯ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲವೆಂದು ಬರೆದಿದ್ದರು. ಆ ಸಾಲನ್ನು ಓದಿದಾಗಲೇ ಇವರಲ್ಲಿ ನನಗೆ ಅರ್ಧ ನಂಬಿಕೆ ಬಂದಿತ್ತು.

ಅವರ ಕೆಲಸ ಶುರುವಾದದ್ದು ಕಂಪ್ಯೂಟರಿನಿಂದಲ್ಲ, ನಮ್ಮ ಫೋನಿನಿಂದ. ಇದುವರೆಗೆ ಕರೆ ಮಾಡಿದವರು ಏನೇನು ಕೇಳಿದ್ದಾರೆ ಎಂದು ನೆನಪಿಸಿಕೊಂಡು, ಅವರ ಮಾತಿನಲ್ಲಿಯೇ ಬರೆದುಕೊಡುವಂತೆ ಹೇಳಿದರು. ಜುಲೈ ಮಳೆಯಲ್ಲಿ ಸಣ್ಣ ಕಾರು ನಿಮ್ಮ ಮನೆಯವರೆಗೂ ಬರುತ್ತದೆಯೇ, ಕುಶಾಲನಗರದಲ್ಲಿ ರಾತ್ರಿ ಬಸ್ಸಿನಿಂದ ಇಳಿದರೆ ಮುಂದೇನು ವ್ಯವಸ್ಥೆ, ತೋಟದಲ್ಲಿ ಜಿಗಣೆ ಕಾಟ ಯಾವ ತಿಂಗಳಲ್ಲಿ ಕಡಿಮೆ, ಪುಡಿಯಲ್ಲಿ ಚಿಕೋರಿ ಎಷ್ಟು, ಹಂದಿ ಕರಿಗೆ ಹುಳಿಯಾಗಿ ಹಾಕುವ ಕಾಚಂಪುಳಿಯನ್ನೂ ಕಳಿಸುತ್ತೀರಾ, ಹೀಗೆ. ಇಂಥ ಒಂದೊಂದು ಪ್ರಶ್ನೆಗೂ ಒಂದೊಂದು ಪುಟ, ಮೊದಲ ಎರಡು ವಾಕ್ಯಗಳಲ್ಲಿಯೇ ನೇರ ಉತ್ತರ. ದೊಡ್ಡ ತಾಣಗಳಿಗೆ ಇಷ್ಟು ಸಣ್ಣ ಪ್ರಶ್ನೆಗಳು ಬೇಕಿಲ್ಲದ ಕಾರಣ ಅಲ್ಲಿ ಪೈಪೋಟಿಯೇ ಇಲ್ಲ. ಚಿಕೋರಿ ಕುರಿತ ಪುಟ ಎಲ್ಲಕ್ಕಿಂತ ಹೆಚ್ಚು ಓದುಗರನ್ನು ತಂದಿತು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕಿಂತ ಕಡಿಮೆ ಇರಬಾರದೆಂದೂ ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ಆಹಾರ ಸುರಕ್ಷತೆಯ ನಿಯಮಗಳು ಹೇಳುತ್ತವೆ. ಈ ಒಂದು ಮಾಹಿತಿಯ ಜೊತೆಗೆ ಶೇ. 20, 30, 40 ಚಿಕೋರಿಯ ಡಿಕಾಕ್ಷನ್‌ಗಳ ಬಣ್ಣದ ವ್ಯತ್ಯಾಸ ಕಾಣುವಂತೆ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ತೆಗೆದ ಮೂರು ಲೋಟಗಳ ಒಂದು ಚಿತ್ರವನ್ನು ಹಾಕಿದ್ದೆವು, ಅಷ್ಟೇ.

ಇಷ್ಟಾದರೂ ಇದನ್ನು ಹೊಸ ದಾರಿ ಎನ್ನಲಾಗದು. ತುಸು ಶ್ರದ್ಧೆಯಿರುವ ಯಾರಾದರೂ ಮಾಡಬಹುದಾದ ಕೆಲಸ ಇದು. ಕೊಟ್ಟ ಹಣ ಸಾರ್ಥಕವೆಂದು ನನಗೆ ಅನಿಸಿದ್ದು ಮೈಸೂರಿನ ಪಾತ್ರೆ ಅಂಗಡಿಯ ಪ್ರಯೋಗದಲ್ಲಿ.

ಕಾಫಿ ಫಿಲ್ಟರ್ ಹೊಸದಾಗಿ ಕೊಂಡವರಿಗೆ ಆ ದಿನವೇ ಪುಡಿ ಬೇಕಾಗುತ್ತದೆ. ಯಾವ ಜಾಹೀರಾತು ವ್ಯವಸ್ಥೆಯೂ ಇಷ್ಟು ಖಚಿತವಾಗಿ ಗಿರಾಕಿಯನ್ನು ಗುರುತಿಸಿಕೊಡಲಾರದು ಎಂಬುದು ಆ ತರುಣಿಯ ವಾದ. ಫಿಲ್ಟರಿನ ಡಬ್ಬಿಯೊಳಗೆ ಅಂಗೈಯಗಲದ ಒಂದು ಚೀಟಿ ಇಡಬೇಕು, ಅದರಲ್ಲಿ ನಮ್ಮ ಪುಡಿಯ ಗುಣಗಾನ ಇರಕೂಡದು, 'ಡಿಕಾಕ್ಷನ್ ಇಳಿಯುತ್ತಿಲ್ಲವೇ?' ಎಂಬ ಪ್ರಶ್ನೆ ಮತ್ತು ಒಂದು ಕ್ಯುಆರ್ ಕೋಡ್ ಇದ್ದರೆ ಸಾಕು ಎಂದು ಅವರು ಹೇಳಿದಾಗ ಅಂಗಡಿಯವರು ಒಪ್ಪುತ್ತಾರೆಂದು ನನಗೆ ಅನ್ನಿಸಿರಲಿಲ್ಲ. ಮಾತುಕತೆಯ ಸಮಯದಲ್ಲಿ ನಾನೂ ಅಲ್ಲಿದ್ದೆ. "ನಿಮ್ಮ ಚೀಟಿ ಹಾಕಿ ನನಗೇನು ಬಂತು ಮೇಡಂ?" ಎಂದು ಅಂಗಡಿಯವರು ಕೇಳಿದರು. "ಫಿಲ್ಟರ್ ಸರಿಯಿಲ್ಲ ಅಂತ ವಾಪಸ್ ತರೋರು ಕಮ್ಮಿ ಆಗ್ತಾರೆ ಸಾಹುಕಾರ್ರೇ, ಅದು ಫಿಲ್ಟರಿನ ತಪ್ಪಲ್ಲ, ಪುಡಿ ತೀರಾ ನುಣ್ಣಗಿರುತ್ತೆ" ಎಂದು ಆಕೆ ಉತ್ತರಿಸಿದರು. ಸಾಹುಕಾರರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎತ್ತಿಟ್ಟಿದ್ದ, ಹಾಗೆ ವಾಪಸ್ ಬಂದ ಒಂದು ಹಿತ್ತಾಳೆ ಫಿಲ್ಟರನ್ನು ತೆಗೆದು ತೋರಿಸಿದರು. ಮೇಲಿನ ಬಟ್ಟಲಿನ ತಳದ ರಂಧ್ರಗಳಲ್ಲಿ ನುಣುಪು ಪುಡಿ ಮೆತ್ತಿಕೊಂಡು ಒಣಗಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಆಕೆ ಚೀಲದಿಂದ ಸೂಜಿ ತೆಗೆದು ನಾಲ್ಕೈದು ರಂಧ್ರಗಳನ್ನು ಬಿಡಿಸಿ ಬೆಳಕಿಗೆ ಹಿಡಿದರು. ಚೀಟಿಗೆ ಒಪ್ಪಿಗೆ ಅಲ್ಲಿಯೇ ಸಿಕ್ಕಿತು.

ಆ ಕೋಡ್ ತೆರೆಯುವ ಪುಟದಲ್ಲಿ ಪುಡಿ ಎಷ್ಟು ತರಿಯಾಗಿರಬೇಕು, ಒತ್ತುಬಿಲ್ಲೆಯನ್ನು ಎಷ್ಟು ಹಗುರವಾಗಿ ಇಡಬೇಕು, ಮೊದಲು ಸ್ವಲ್ಪವೇ ಬಿಸಿನೀರು ಹಾಕಿ ಪುಡಿ ನೆನೆದ ಮೇಲೆ ಉಳಿದದ್ದನ್ನು ಏಕೆ ಸುರಿಯಬೇಕು, ಮುಚ್ಚಿಹೋದ ರಂಧ್ರಗಳನ್ನು ಹೇಗೆ ಬಿಡಿಸಬೇಕು ಎಂಬ ವಿವರಗಳಿವೆ; ಪುಟದ ಕೊನೆಯಲ್ಲಿ ಫಿಲ್ಟರಿಗೆಂದೇ ತರಿಯಾಗಿ ಬೀಸಿದ ನಮ್ಮ ಪುಡಿಯ ಕೊಂಡಿ ಇದೆ. ಈ ದಾರಿಯಿಂದ ಬರುವವರ ಸಂಖ್ಯೆ ಚಿಕೋರಿ ಪುಟಕ್ಕೆ ಬರುವವರಿಗಿಂತ ಬಹಳ ಕಡಿಮೆ. ಆದರೆ ಬಂದವರು ಪೂರ್ತಿ ಓದುತ್ತಾರೆ, ಕೊಳ್ಳುತ್ತಾರೆ, ತಿಂಗಳು ತಿರುಗುವುದರೊಳಗೆ ಮತ್ತೆ ಬರುತ್ತಾರೆ. ಒಂದು ಹಂಗಾಮಿನಲ್ಲಿ ನಮಗೆ ಸಿಕ್ಕ ಕಾಯಂ ಗಿರಾಕಿಗಳಲ್ಲಿ ದೊಡ್ಡ ಪಾಲು ಆ ಚೀಟಿಯಿಂದಲೇ ಬಂದವರು. ಇದಕ್ಕೆ ತಗುಲಿದ್ದು ಮುದ್ರಣದ ಖರ್ಚು ಮಾತ್ರ.

ಹೋಂಸ್ಟೇಗಾಗಿ ಇದೇ ಯೋಚನೆಯನ್ನು ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪುಗಳಲ್ಲಿ ಪ್ರಯೋಗಿಸಿದರು, ಅಲ್ಲಿ ಫಲ ಮಿಶ್ರವಾಗಿತ್ತು. ಸೀಟಿನ ಬೆನ್ನಿಗೆ ಸ್ಟಿಕ್ಕರ್ ಅಂಟಿಸುವುದು ಚಾಲಕರಿಗೆ ಒಪ್ಪಿಗೆಯೇ ಆಗಿತ್ತು. ಅಡ್ಡಿಯಾದದ್ದು ಮಣ್ಣು ಮತ್ತು ನೆಟ್‌ವರ್ಕ್. ಕ್ಯುಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆ ರೂಪಿಸಿದ್ದು ವಾಹನಗಳ ಬಿಡಿಭಾಗಗಳ ಜಾಡು ಹಿಡಿಯಲು; ಕಾರ್ಖಾನೆಯಲ್ಲಿ ಕೊಳೆಯಾದರೂ ಓದಿಸಿಕೊಳ್ಳಬೇಕೆಂಬ ಕಾರಣಕ್ಕೆ ಅದರಲ್ಲಿ ದೋಷ ತಿದ್ದಿಕೊಳ್ಳುವ ನಾಲ್ಕು ಮಟ್ಟಗಳನ್ನು ಇಟ್ಟಿದ್ದಾರೆ. ಅತಿ ಕೆಳಗಿನ ಮಟ್ಟದಲ್ಲಿ ಸುಮಾರು ಶೇ. 7ರಷ್ಟು, ಅತಿ ಮೇಲಿನದರಲ್ಲಿ ಸುಮಾರು ಶೇ. 30ರಷ್ಟು ಭಾಗ ಹಾಳಾದರೂ ಕೋಡ್ ಓದಲು ಬರುತ್ತದೆ. ಬಹುತೇಕ ಮುದ್ರಕರು ಈ ಮಟ್ಟವನ್ನು ವಿಚಾರಿಸುವುದೇ ಇಲ್ಲ. ಇವರು ವಿಚಾರಿಸಿದ್ದರು, ಮೇಲಿನ ಮಟ್ಟವನ್ನೇ ಆರಿಸಿದ್ದರು. ಜೊತೆಗೆ ವಿಳಾಸವನ್ನು ಚಿಕ್ಕದಾಗಿಸಿ ಚೌಕಗಳು ದಪ್ಪವಾಗಿ ಬರುವಂತೆ ನೋಡಿಕೊಂಡಿದ್ದರು. ಒಂದು ಮೂಲೆಯನ್ನು ಪ್ರವಾಸಿಗರ ಬ್ಯಾಗಿನ ಜಿಪ್ ಕೆರೆದುಹಾಕಿ, ಅಂಚಿನುದ್ದಕ್ಕೂ ಕೆಂಪು ಕೆಸರು ಒಣಗಿ ಹಿಡಿದಿದ್ದ ಸ್ಟಿಕ್ಕರನ್ನು ನನ್ನ ಹಳೆಯ ಫೋನು ಸಹ ಮೊದಲ ಸಲಕ್ಕೇ ಗುರುತಿಸಿತು. ಗುರುತಿಸಿದರೇನು, ಏರುದಾರಿಯಲ್ಲಿ ಸಿಗ್ನಲ್ ಇಲ್ಲದೆ ಪುಟವೇ ತೆರೆಯಲಿಲ್ಲ. "ಮೇಲೆ ಹೋದ್ಮೇಲೆ ಫೋನ್ ಬರೀ ಫೋಟೋ ತೆಗೆಯೋಕೆ ಅಕ್ಕ" ಎಂದು ಚಾಲಕರು ನಕ್ಕರು.

ನಂತರ ಅವರು ಕೋಡನ್ನೇ ಬದಲಿಸಿದರು. ವಿಳಾಸದ ಜಾಗದಲ್ಲಿ ಸಂಪರ್ಕ ಚೀಟಿಯನ್ನೇ ಕೋಡಿನೊಳಗೆ ಇಟ್ಟರೆ, ಇಂಟರ್‌ನೆಟ್ ಇಲ್ಲದಿದ್ದರೂ ಹೆಸರು, ಫೋನ್ ಸಂಖ್ಯೆ ಮತ್ತು ವೆಬ್‌ಸೈಟ್ ವಿಳಾಸಗಳು ಫೋನಿನಲ್ಲಿ ಉಳಿದುಕೊಳ್ಳುತ್ತವೆ. ಒಳಗೆ ಹೆಚ್ಚು ಅಕ್ಷರಗಳು ಸೇರಿದ್ದರಿಂದ ಚೌಕಗಳು ಸಣ್ಣದಾಗಿ ಸ್ಟಿಕ್ಕರ್ ದೊಡ್ಡದಾಗಬೇಕಾಯಿತು. ಅದರಿಂದ ಕೆಲವು ವಿಚಾರಣೆಗಳು ಬಂದಿವೆ. ಆದರೆ ಮಾಂದಲಪಟ್ಟಿಗೆ ಹೊರಟವರು ಆಗಲೇ ಎಲ್ಲೋ ಕೋಣೆ ಹಿಡಿದಿರುತ್ತಾರೆ ಎಂಬ ಸರಳ ಸಂಗತಿಯನ್ನು ಇಷ್ಟು ಜಾಣರು ಹೇಗೆ ಮರೆತರೋ ತಿಳಿಯದು. ಫಿಲ್ಟರ್ ಕೊಂಡವರಿಗೆ ಪುಡಿ ಇನ್ನೂ ಬೇಕಿತ್ತು. ಜೀಪ್ ಹತ್ತಿದವರಿಗೆ ಕೋಣೆಯ ಅಗತ್ಯ ಮುಗಿದಿತ್ತು.

ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ನಮ್ಮ ಚಿತ್ರಗಳನ್ನು ಕೊಡುವ ಸಲಹೆಯನ್ನು ನಾನು ಮೊದಲು ಒಪ್ಪಿರಲಿಲ್ಲ. ಹೂಮಳೆ ಬಿದ್ದ ಮೇಲೆ ರೊಬಸ್ಟಾ ಗಿಡಗಳು ಬೆಳ್ಳಗಾಗಿ ನಿಂತದ್ದು, ಕಣದಲ್ಲಿ ಹರಡಿದ ಚೆರ್ರಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಪಲ್ಪರಿನಿಂದ ಜಾರುವ ಸಿಪ್ಪೆ, ಇವೆಲ್ಲ ನಮ್ಮ ಹಳೆಯ ಫೋಲ್ಡರುಗಳಲ್ಲಿ ಬಿದ್ದಿದ್ದವು. ಹೆಸರು ಹೇಳಿ ಬಳಸಬೇಕೆಂಬ ಷರತ್ತಿನ ಮುಕ್ತ ಪರವಾನಗಿಯಲ್ಲಿ ಅವನ್ನು ಸೇರಿಸಿದರೆ, ಕಾಫಿಯ ಬಗ್ಗೆ ಬರೆಯುವವರು ಎಲ್ಲಿ ಬಳಸಿದರೂ ಛಾಯಾಚಿತ್ರಕಾರರ ಹೆಸರನ್ನು ಕೊಡಬೇಕಾಗುತ್ತದೆ, ಅನೇಕರು ಹೆಸರಿನ ಜೊತೆಗೆ ಕೊಂಡಿಯನ್ನೂ ಕೊಡುತ್ತಾರೆ. ಇಲ್ಲಿ ಅವರು ಹಾಕಿಕೊಂಡ ಎಲ್ಲೆಯನ್ನು ಮೆಚ್ಚಬೇಕು: ವಿಕಿಪೀಡಿಯದ ಲೇಖನಗಳೊಳಗೆ ನಮ್ಮ ವೆಬ್‌ಸೈಟಿನ ಕೊಂಡಿಯನ್ನು ತುರುಕಲು ಅವರು ಒಪ್ಪಲಿಲ್ಲ. ಅದು ಅಲ್ಲಿಯ ನಿಯಮಕ್ಕೆ ವಿರುದ್ಧ; ಮೇಲಾಗಿ ಹೊರಗಿನ ಕೊಂಡಿಗಳನ್ನು ಹುಡುಕಾಟ ಯಂತ್ರಗಳು ಲೆಕ್ಕಕ್ಕೆ ಹಿಡಿಯಬಾರದೆಂಬ ಗುರುತನ್ನು ವಿಕಿಪೀಡಿಯ 2007ರಿಂದಲೇ ಹಾಕುತ್ತ ಬಂದಿದೆ. ಜನರೇ ಸೇರಿ ತುಂಬಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ನಮ್ಮ ಜಾಗವನ್ನು, ಗೇಟನ್ನು, ಮಳೆಗಾಲದಲ್ಲಿ ಬಳಸಬೇಕಾದ ಬಳಸುದಾರಿಯನ್ನು ಸೇರಿಸಿದ್ದರಿಂದಲೂ ಉಪಕಾರವಾಗಿದೆ. ನೆಟ್‌ವರ್ಕ್ ಇಲ್ಲದೆ ನಡೆಯುವ ಹಲವು ನಕ್ಷೆಯ ಆ್ಯಪ್‌ಗಳು ಅದೇ ದತ್ತಾಂಶವನ್ನು ಬಳಸುವುದರಿಂದ, ತಡಿಯಂಡಮೋಳ್ ಏರಲು ಬರುವ ಚಾರಣಿಗರಲ್ಲಿ ಕೆಲವರು ನಕ್ಷೆಯಲ್ಲಿಯೇ ನಮ್ಮನ್ನು ಕಂಡು ಬಂದಿದ್ದಾರೆ.

ಗೂಗಲ್ ನಕ್ಷೆಯಲ್ಲಿ ಒಳ್ಳೆಯ ಅಭಿಪ್ರಾಯ ಬರೆದವರಿಗೆ ರಿಯಾಯಿತಿ ಕೊಡೋಣವೇ ಎಂದು ನಮ್ಮ ಮನೆಯವರು ಕೇಳಿದಾಗ, ಗೂಗಲ್ ಅದನ್ನು ನಿಷೇಧಿಸಿದೆ ಎಂದು ನೇರವಾಗಿ ಹೇಳಿ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಕೊಡವ ಕುಟುಂಬಗಳ ಹಾಕಿ ಉತ್ಸವದ ವಿಷಯದಲ್ಲಿಯೂ ಅವರ ವಿವೇಕ ನನಗೆ ಹಿಡಿಸಿತು. 1997ರಲ್ಲಿ ಕರಡದಲ್ಲಿ ಆರಂಭವಾದ ಈ ಪಂದ್ಯಾವಳಿ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುವಷ್ಟು ಬೆಳೆದಿದೆ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದವರು ತಮ್ಮ ಒಕ್ಕದ, ಎಂದರೆ ಮನೆತನದ, ತಂಡವನ್ನು ನೋಡಲು ಊರಿಗೆ ಬರುತ್ತಾರೆ. ಮೈದಾನದ ಸುತ್ತ ಬ್ಯಾನರ್ ಕಟ್ಟಿಸುವುದು ಯಾರಿಗಾದರೂ ಹೊಳೆಯುವ ಉಪಾಯ. ಇವರು ಬ್ಯಾನರಿನ ಗೊಡವೆಗೇ ಹೋಗದೆ, ಮೈದಾನಕ್ಕೆ ಬರುವ ದಾರಿ, ವಾಹನ ನಿಲ್ಲಿಸುವ ಜಾಗ, ಹತ್ತಿರದ ಪೆಟ್ರೋಲ್ ಬಂಕ್, ವಯಸ್ಸಾದವರು ಬಿಸಿಲಿಳಿಯುವವರೆಗೆ ಕುಳಿತುಕೊಳ್ಳಬಹುದಾದ ತಾಣ, ಇಷ್ಟನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ತಂದರು. ಅದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಾನಾಗಿಯೇ ಓಡಾಡಿತು. ನಮ್ಮ ಹೋಂಸ್ಟೇಯ ಹೆಸರು ಪುಟದ ಅಡಿಯಲ್ಲಿ ಒಂದು ಸಾಲು ಮಾತ್ರ ಇತ್ತು, ಆ ವಾರಗಳಲ್ಲಿ ಕೋಣೆಗಳು ಖಾಲಿ ಇರಲಿಲ್ಲ.

ಮಡಿಕೇರಿ ಆಕಾಶವಾಣಿಯಲ್ಲಿ ಒಂದು ಸಣ್ಣ ಜಾಹೀರಾತನ್ನು ಸಹ ಹಾಕಿಸಿದೆವು. ಕೇಳಿದವರು ಫೋನ್ ಮಾಡಿದರು, ವೆಬ್‌ಸೈಟಿಗೆ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ರೇಡಿಯೋ ಕೇಳುತ್ತ ಕಣದಲ್ಲಿ ಕೆಲಸ ಮಾಡುವವರು ವಿಳಾಸ ಟೈಪ್ ಮಾಡುತ್ತ ಕೂರುವುದಿಲ್ಲ.

ಲೆಕ್ಕ ಇಡುವ ಕ್ರಮದ ಬಗ್ಗೆ ಎರಡು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿದವರು ಅನಾಲಿಟಿಕ್ಸ್‌ನಲ್ಲಿ ಸಾಮಾನ್ಯವಾಗಿ 'ನೇರ' ಭೇಟಿ ಎಂಬ ಗುಂಪಿಗೆ ಸೇರಿಬಿಡುತ್ತಾರೆ, ಏಕೆಂದರೆ ಎಲ್ಲಿಂದ ಬಂದರೆಂಬ ಮಾಹಿತಿಯನ್ನು ಆ ಆ್ಯಪ್ ಮುಂದಕ್ಕೆ ಕಳಿಸುವುದಿಲ್ಲ. ನಮ್ಮಂಥವರ ವ್ಯವಹಾರ ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿಯೇ ನಡೆಯುವುದರಿಂದ, ಈ ಒಂದು ಸಂಗತಿ ಗೊತ್ತಿಲ್ಲದವರು ತಮ್ಮ ಪ್ರಚಾರದ ಫಲವನ್ನು ಪೂರ್ತಿ ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ. ಇವರು ಫಿಲ್ಟರ್ ಚೀಟಿಗೆ, ಪುಡಿಯ ಪೊಟ್ಟಣಕ್ಕೆ, ಹಾಕಿ ಪುಟಕ್ಕೆ ಬೇರೆ ಬೇರೆ ಯುಟಿಎಂ ಗುರುತುಗಳನ್ನು (ಭೇಟಿ ಎಲ್ಲಿಂದ ಬಂತೆಂದು ತಿಳಿಯಲು ಕೊಂಡಿಯ ಕೊನೆಗೆ ಸೇರಿಸುವ ಪದಗಳನ್ನು) ಜೋಡಿಸಿಕೊಟ್ಟಿದ್ದರಿಂದಲೇ ಮೇಲಿನ ತೀರ್ಮಾನಗಳನ್ನು ನಾನು ಇಷ್ಟು ಧೈರ್ಯವಾಗಿ ಬರೆಯಲು ಸಾಧ್ಯವಾಗಿದೆ. ಜನ ಯಾವ ಪದಗಳನ್ನು ಹುಡುಕಿ ನಮ್ಮ ಪುಟಗಳನ್ನು ಕಾಣುತ್ತಾರೆಂಬುದನ್ನು ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ನೋಡುವುದನ್ನೂ ಕಲಿಸಿಕೊಟ್ಟರು. ಅದು ಉಚಿತ, ಯಾರ ಸಹಾಯವೂ ಇಲ್ಲದೆ ಬಳಸಬಹುದು.

ಇನ್ನು ದೂರುಗಳು. ಮೊದಲನೆಯದು ಗಂಭೀರವಾದದ್ದು. ಪುಡಿಯ ಪೊಟ್ಟಣದ ಮೇಲಿನ ಕ್ಯುಆರ್ ಕೋಡನ್ನು ಅವರು ಮೂರನೆಯವರ ಬಾಡಿಗೆ ಸೇವೆಯೊಂದರ ಮೂಲಕ ಹಾದುಹೋಗುವಂತೆ ಮಾಡಿದ್ದರು. ಹಾಗೆ ಮಾಡಿದರೆ ಮುದ್ರಣವಾದ ಮೇಲೂ ಕೋಡ್ ತೆರೆಯುವ ಪುಟವನ್ನು ಬದಲಿಸಬಹುದೆಂಬುದು ನಿಜ. ಆದರೆ ಬಾಡಿಗೆಯ ಅವಧಿ ಮುಗಿದ ದಿನ ನಮ್ಮ ಪೊಟ್ಟಣವನ್ನು ಸ್ಕ್ಯಾನ್ ಮಾಡಿದ ಗಿರಾಕಿಗಳಿಗೆ ಕಂಡದ್ದು ಹಣ ಕಟ್ಟಿ ನವೀಕರಿಸಿ ಎಂಬ ಬೇರೆಯವರ ಪುಟ. ಅಂಗಡಿಗಳಿಗೆ ಹೋಗಿಬಿಟ್ಟಿದ್ದ ಪೊಟ್ಟಣಗಳನ್ನು ಹಿಂದಕ್ಕೆ ತರಿಸುವಂತಿರಲಿಲ್ಲ. ಆ ನವೀಕರಣದ ಹಣವನ್ನು ಅವರೇ ಕಟ್ಟಿದರು, ಅನಂತರದ ಕೋಡುಗಳೆಲ್ಲ ನಮ್ಮದೇ ವಿಳಾಸದ ಮೂಲಕ ಹೋಗುವಂತೆ ಸರಿಪಡಿಸಿದರು. ಇಂಥ ಸೇವೆಯನ್ನು ಪಡೆಯುವ ಯಾರೇ ಆಗಲಿ, ಕೋಡ್ ಯಾರ ವಿಳಾಸಕ್ಕೆ ಮೊದಲು ಹೋಗುತ್ತದೆ ಎಂಬುದನ್ನು ಮುದ್ರಣಕ್ಕೆ ಮುಂಚೆಯೇ ಲಿಖಿತವಾಗಿ ಕೇಳಿಕೊಳ್ಳಬೇಕು.

ಎರಡನೆಯದು ಭಾಷೆ. ಅವರು ಬರೆದುಕೊಟ್ಟ ಕನ್ನಡ ಪುಟಗಳಲ್ಲಿ ಹಲವು ಒಣ ಸುತ್ತೋಲೆಯ ಧಾಟಿಯಲ್ಲಿದ್ದವು, ಕಾಫಿ ಪುಟಗಳನ್ನು ನಾನೇ ಕುಳಿತು ಪುನಃ ಬರೆಯಬೇಕಾಯಿತು. ವಿಷಯಜ್ಞಾನದ ಒಂದು ಎಡವಟ್ಟೂ ಇತ್ತು: 2019ರಲ್ಲಿ ಭೌಗೋಳಿಕ ಸೂಚಿಕೆ (ಊರಿನ ಹೆಸರಿಗೆ ಸಿಗುವ ಜಿಐ ಮಾನ್ಯತೆ) ದೊರೆತದ್ದು ಕೂರ್ಗ್ ಅರೇಬಿಕಾಕ್ಕೆ. ನಮ್ಮ ತೋಟದಲ್ಲಿ ಹೆಚ್ಚಿನದು ರೊಬಸ್ಟಾ. ಅರೇಬಿಕಾ ಬೆಳೆದರೂ ಆ ಗುರುತನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಇದಾವುದನ್ನೂ ನೋಡದೆ ಎಲ್ಲ ಪುಡಿಗಳ ಪುಟಗಳ ಮೇಲೂ ಆ ಹೆಗ್ಗಳಿಕೆಯನ್ನು ಬರೆದಿದ್ದರು. ಪ್ರಕಟವಾಗುವ ಮೊದಲೇ ಕಣ್ಣಿಗೆ ಬಿದ್ದುದರಿಂದ ತೆಗೆಸಿದೆ. ವರದಿಗಳು ತಡವಾಗಿ ಬರುವುದು ಮೂರನೆಯ ಕೊರತೆ, ಮಳೆಗಾಲದಲ್ಲಂತೂ ಕರೆಂಟಿನ ನೆಪ ಸದಾ ಸಿದ್ಧ. ಅದು ಬಹುಪಾಲು ನಿಜವೂ ಹೌದು.

ಶುಲ್ಕ ದುಬಾರಿಯೆನ್ನಲಾಗದು. ಆರಂಭದ ಕೆಲಸಕ್ಕೆ ಒಮ್ಮೆ ಕೊಡುವ ಮೊತ್ತ, ಆಮೇಲೆ ಮೂರು ತಿಂಗಳಿಗೊಮ್ಮೆ ಸಣ್ಣದೊಂದು ನಿರ್ವಹಣಾ ಮೊತ್ತ, ಮುದ್ರಣದ ಖರ್ಚು ನಮ್ಮದು. ನಿತ್ಯ ಹತ್ತಾರು ಕೋಣೆ ತುಂಬಬೇಕಾದ ರೆಸಾರ್ಟುಗಳಿಗೆ ಈ ನಿಧಾನದ ದಾರಿ ಹೊಂದುವುದಿಲ್ಲ, ಅವರು ಜಾಹೀರಾತಿಗೆ ಹಣ ಸುರಿಯುವುದೇ ಲೇಸು. ಇರುವ ಸರಕು ಕಡಿಮೆ, ಅದನ್ನು ಬೆಲೆ ತಿಳಿದು ಕೊಳ್ಳುವವರು ಬೇಕು ಎನ್ನುವ ಸಣ್ಣ ಬೆಳೆಗಾರರಿಗೆ, ಮನೆಯಲ್ಲಿ ವೈನ್, ಜೇನು, ಉಪ್ಪಿನಕಾಯಿ ಮಾಡಿ ಮಾರುವವರಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನಾವು ಪುಡಿಯ ಭಾಗಕ್ಕೆ ಒಪ್ಪಂದವನ್ನು ಮುಂದುವರಿಸಿದ್ದೇವೆ. ಜೀಪಿನ ಸ್ಟಿಕ್ಕರುಗಳನ್ನು ಕೈಬಿಟ್ಟಿದ್ದೇವೆ. ಮುಂದಿನ ಹಂಗಾಮಿಗೆ ಹಾಸನದ ಎರಡು ಪಾತ್ರೆ ಅಂಗಡಿಗಳಲ್ಲಿ ಇದೇ ಚೀಟಿಯ ಮಾತುಕತೆ ನಡೆಯುತ್ತಿದೆ, ಅಲ್ಲಿ ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಚೀಟಿಗೊಂದು ರೂಪಾಯಿ ಕೇಳುತ್ತಿದ್ದಾರೆ.